ಯಕ್ಷಗಾನದ ಕ್ಯಾಸೆಟ್, ಸಿಡಿಗಳ ಪಟ್ಟಿಗೆ ಯಾವ ಆ್ಯಪ್ ಒಳ್ಳೆಯದು?

ತಂದೆಯವರ ಕಾಲದ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕ್ಯಾಸೆಟ್, ಸಿಡಿ, ಎಂಪಿ3 ಎಲ್ಲಕ್ಕೂ ಒಂದು ಪಟ್ಟಿ ಬೇಕು, ಮಕ್ಕಳ ಕಾಲಕ್ಕೂ ಉಳಿಯುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ನಾನೂ ಉಡುಪಿಯವನೇ, ನಮ್ಮ ಮನೆಯಲ್ಲೂ ಇಂಥದೇ ಸಂಗ್ರಹ ಇದೆ. ಆ್ಯಪ್ ಹುಡುಕಬೇಡಿ. ಪಟ್ಟಿಯನ್ನು ಒಂದು ಸಿಎಸ್‌ವಿ ಫೈಲಿನಲ್ಲಿಡಿ.

ಆ್ಯಪ್ ಎಷ್ಟೇ ಚೆಂದ ಇರಲಿ, ಕಂಪನಿ ಕೈಬಿಟ್ಟರೆ ಮುಗಿಯಿತು. ಗೂಗಲ್‌ನಂಥ ಗೂಗಲ್ಲೇ 2016ರಲ್ಲಿ ತನ್ನ ಫೋಟೊ ಆ್ಯಪ್ ಪಿಕಾಸಾ ನಿಲ್ಲಿಸಿತಲ್ವಾ? ಸಿಎಸ್‌ವಿ ಅಂದರೆ ಬರೀ ಅಕ್ಷರ, ನಡುವೆ ಅಲ್ಪವಿರಾಮ. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ.

ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಲಿಪಿ ಸಂಕೇತದಲ್ಲಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಕ್ಸೆಲ್ ಬಳಸುವುದಾದರೆ ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನುವುದನ್ನೇ ಆರಿಸಿ, ಅದು ಯೂನಿಕೋಡಿನದ್ದು. ಸುಮ್ನೆ 'ಸಿಎಸ್‌ವಿ' ಅಂತ ಕೊಟ್ಟರೆ ಕನ್ನಡ ಇದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಎಕ್ಸೆಲ್ ಬದಲು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಆದರೆ ಫೈಲ್ ತೆರೆಯುವಾಗಲೇ ಯಾವ ಲಿಪಿ ಸಂಕೇತ ಅಂತ ಕೇಳುತ್ತದೆ. ನನಗೆ ಅದೇ ಇಷ್ಟ.

ಪ್ರತಿ ಕ್ಯಾಸೆಟ್ಟಿಗೂ ಒಂದು ನಂಬರ್ ಕೊಡಿ, ಅದನ್ನೇ ಡಬ್ಬಿಯ ಮೇಲೂ ಬರೆಯಿರಿ. ಡಬ್ಬಿ ಅದಲುಬದಲಾಗುವುದು ಜಾಸ್ತಿ, ಹಾಗಾಗಿ ಕ್ಯಾಸೆಟ್ ಮೇಲೂ ಇರಲಿ. ಡಿಜಿಟಲ್ ಮಾಡಿದ ಫೈಲಿನ ಹೆಸರೂ ಅದೇ ನಂಬರಿನಿಂದ ಶುರುವಾಗಲಿ. ಆಮೇಲೆ ಪ್ರಸಂಗ (ಕಥೆ), ಭಾಗವತರು (ಹಾಡುವವರು), ಚೆಂಡೆ-ಮದ್ದಳೆ, ಅರ್ಥಧಾರಿಗಳು (ಪಾತ್ರಗಳ ಮಾತು ಆಡುವವರು), ಊರು, ತಾರೀಕು, ಒಂದೊಂದಕ್ಕೂ ಒಂದು ಕಾಲಂ. ತಾರೀಕಿನಲ್ಲಿ ಇಸವಿ ಮೊದಲು, 1987-01-24 ಅನ್ನುವ ಹಾಗೆ. ಆಗ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಪ್ರಸಂಗದ ಹೆಸರಿಗೆ ಎರಡು ಕಾಲಂ ಇಡಿ. ಒಬ್ಬರು ಕರ್ಣಪರ್ವ ಅಂತ ಬರೆದಿರುತ್ತಾರೆ, ಇನ್ನೊಬ್ಬರು ಕರ್ಣಾರ್ಜುನ ಅಂತ. ಲೇಬಲ್ಲಿನಲ್ಲಿ ಇದ್ದದ್ದು ಒಂದರಲ್ಲಿ, ಹುಡುಕಲು ನೀವು ಇಟ್ಟ ಹೆಸರು ಇನ್ನೊಂದರಲ್ಲಿ.

ನಿಜವಾದ ಕೆಲಸ ಇರುವುದು ಲೇಬಲ್ ಇಲ್ಲದ ಕ್ಯಾಸೆಟ್ಟುಗಳಲ್ಲಿ. ಭಾಗವತರ ಒಂದು ಪದ ಕೇಳಿದರೆ ಸಾಕು, ಇದು ಇಂಥವರದ್ದೇ ಸ್ವರ ಅನ್ನುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಮೊದಲು ಅವರ ಹತ್ತಿರ ಕೂತು ಕೇಳಿ. ಗುರುತು ಹೇಳಿದ್ದು ಯಾರು ಅನ್ನುವುದನ್ನೂ ಬರೆದಿಡಿ, ಮುಂದೆ ಅನುಮಾನ ಬಂದರೆ ಬೇಕಾಗುತ್ತದೆ.

'ಸ್ಥಿತಿ' ಅಂತ ಇನ್ನೊಂದು ಕಾಲಂ ಇರಲಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಫಂಗಸ್ ಹಿಡಿಯುತ್ತದೆ. ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ, ಅದರಿಂದ ಉಳಿದವಕ್ಕೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟು, ಟೇಪ್ ಶುಚಿ ಮಾಡಲು ಗೊತ್ತಿದ್ದವರಿಗೆ ಕೊಡಿ. ಪಟ್ಟಿಯ ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಪ್ರಿಂಟ್ ತೆಗೆದು ಕ್ಯಾಸೆಟ್ ಪೆಟ್ಟಿಗೆಯಲ್ಲೇ ಇಡಿ.