ಔರಿಯಸ್‌ಗೂ ಅರುಣನಿಗೂ ನಂಟಿಲ್ಲ

ಪ್ರಶ್ನೆ: ರೋಮನ್ನರ ಚಿನ್ನದ ನಾಣ್ಯಕ್ಕೆ ‘ಔರಿಯಸ್’ ಎಂಬ ಹೆಸರು ಸಂಸ್ಕೃತದ ‘ಅರುಣ’ದಿಂದ ಬಂತು ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ನಿಜವೇ? ನಾಣ್ಯದ ತೂಕವನ್ನೂ ತಿಳಿಸಿ.

ಅಲ್ಲ. ಇದನ್ನು ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಅದಕ್ಕೇ ಈ ಸಲ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಔರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ‘ಚಿನ್ನದ್ದು’. ಪೂರ್ತಿ ಹೆಸರು ಡಿನೇರಿಯಸ್ ಔರಿಯಸ್. ಬರೀ ಡಿನೇರಿಯಸ್ ಎಂದರೆ ಬೆಳ್ಳಿಯದು. ಅಂಥ 25 ಸೇರಿದರೆ ಒಂದು ಔರಿಯಸ್. ಮಾತಿನಲ್ಲಿ ‘ಡಿನೇರಿಯಸ್’ ಉದುರಿಹೋಗಿ ‘ಚಿನ್ನದ್ದು’ ಎಂಬುದೇ ಹೆಸರಾಗಿ ಉಳಿಯಿತು. ನಮಗಿದು ಹೊಸದಲ್ಲ. ಹೊನ್ನು ಅಂದರೆ ಚಿನ್ನವೂ ಹೌದು, ನಾಣ್ಯವೂ ಹೌದು, ಅಲ್ವಾ?

ಈಗ ಬೇರಿಗೆ ಬರೋಣ. ಚಿನ್ನಕ್ಕೆ ಲ್ಯಾಟಿನ್ ಪದ ಔರುಮ್. ಅದರ ಹಳೆಯ ರೂಪದಲ್ಲಿ ‘ರ’ ಇರಲೇ ಇಲ್ಲ, ‘ಸ’ ಇತ್ತು. ರೋಮಿನ ನೆರೆಯ ಸಬೈನ್ ಜನ ಚಿನ್ನವನ್ನು ‘ಔಸುಮ್’ ಎನ್ನುತ್ತಿದ್ದರು ಎಂಬ ಮಾತು ರೋಮಿನ ಫೆಸ್ಟಸ್‌ನ ನಿಘಂಟಿನಿಂದ ನಮಗೆ ಸಿಕ್ಕಿದೆ. ಎರಡು ಸ್ವರಗಳ ನಡುವಿನ ‘ಸ’ ಲ್ಯಾಟಿನ್‌ನಲ್ಲಿ ‘ರ’ ಆಯಿತು. ಹೂವಿಗೆ ಅಲ್ಲಿ ಫ್ಲೋಸ್, ಹೂಗಳಿಗೆ ಫ್ಲೋರೆಸ್. ನಮ್ಮಲ್ಲಿ ಪೂ ಹೂ ಆದ ಹಾಗೆ, ಪೊನ್ ಹೊನ್ನು ಆದ ಹಾಗೆ. ಭಾಷೆ ಬದಲಾಗುವುದಕ್ಕೂ ಕ್ರಮ ಇದೆ. ಕಿವಿಗೆ ಒಂದೇ ಥರ ಕೇಳಿಸಿತು ಎಂದು ಗಂಟು ಹಾಕಿದರೆ ಅದು ಸಂಶೋಧನೆ ಆಗುವುದಿಲ್ಲ.

ಹಳೆಯ ‘ಸ’ ಹಿಡಿದು ಹೊರಟರೆ ಸಿಗುವುದು ಅರುಣ ಅಲ್ಲ, ಉಷಸ್. ಲ್ಯಾಟಿನ್‌ನ ಬೆಳಗಿನ ದೇವತೆ ಔರೋರಾ ನಮ್ಮ ಉಷಸ್ಸಿಗೆ ಖಂಡಿತ ಬಳಗ. ಔರುಮ್ ಕೂಡ ಅದೇ ‘ಹೊಳೆಯುವುದು’ ಎಂಬರ್ಥದ ಬೇರಿನದು ಎಂದು ಹೆಚ್ಚಿನ ಭಾಷಾ ವಿದ್ವಾಂಸರು ಒಪ್ಪುತ್ತಾರೆ. ಆದರೆ ಇವು ಒಂದೇ ಅಜ್ಜಿಯ ಮೊಮ್ಮಕ್ಕಳು. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಲಿಲ್ಲ. ನಿಜವಾಗಿ ಪ್ರಯಾಣ ಮಾಡಿದ ಪದ ಬೇಕಾ? ಗುಪ್ತರ ಶಾಸನಗಳಲ್ಲಿರುವ ‘ದೀನಾರ’ ನೋಡಿ. ಅದು ಡಿನೇರಿಯಸ್, ಅಲ್ಲಿಂದ ಇಲ್ಲಿಗೆ ಬಂದದ್ದು. ಇದನ್ನು ಹೇಳಿದರೆ ಆ ವಿಡಿಯೊದವರಿಗೆ ರುಚಿಸುವುದಿಲ್ಲ.

ತೂಕವನ್ನೂ ಕೇಳಿದ್ದೀರಿ. ಜೂಲಿಯಸ್ ಸೀಸರ್ ಒಂದು ರೋಮನ್ ಪೌಂಡ್ ಚಿನ್ನದಲ್ಲಿ 40 ಔರಿಯಸ್ ಹೊಡೆಸಿದ, ಒಂದೊಂದೂ ಸುಮಾರು 8 ಗ್ರಾಂ. ಆಮೇಲಿನ ಚಕ್ರವರ್ತಿ ನೀರೋ ಅಷ್ಟೇ ಚಿನ್ನದಲ್ಲಿ 45 ಹೊಡೆಸಿದ. ನಮ್ಮ ಪವನು ಕೂಡ 8 ಗ್ರಾಂ ಎಂದು ಸುಮ್ನೆ ಹೊಸ ಕಥೆ ಕಟ್ಟಬೇಡಿ. ಅದು ಸಾವರಿನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯದ ತೂಕ.

ಪ್ರಶ್ನೆ: ಸಾಲಿಡಸ್ ಮತ್ತು ಔರಿಯಸ್ ಒಂದೇನಾ?

ಬೇರೆ. ಸಾಲಿಡಸ್ ಅಂದರೆ ‘ಗಟ್ಟಿ’. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ ಚಿನ್ನದ ನಾಣ್ಯ, ಪೌಂಡಿಗೆ 72.

ಪ್ರಶ್ನೆ: ಯಶವಂತಪುರದಲ್ಲಿ ಔರಿಯಸ್ ರಾಶಿ ಸಿಕ್ಕಿತ್ತಂತೆ?

1891ರಲ್ಲಿ ಸಿಕ್ಕಿದ್ದು ಬೆಳ್ಳಿಯ ಡಿನೇರಿಯಸ್‌ಗಳು.

ಪ್ರಶ್ನೆ: ಹೊಲದಲ್ಲಿ ಇಂಥದೊಂದು ನಾಣ್ಯ ಸಿಕ್ಕಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೊ ಕಳಿಸಲೇ? ಬೆಲೆ ಹೇಳುತ್ತೀರಾ?

ತಿಕ್ಕಬೇಡಿ! ತಿಕ್ಕಿದರೆ ಅಕ್ಷರ ಸವೆಯುತ್ತದೆ, ಮತ್ತೆ ಬರುವುದಿಲ್ಲ. ಫೋಟೊ ನೋಡಿ ನಾನು ಬೆಲೆ ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ನೆಲದಲ್ಲಿ ಸಿಕ್ಕಿದ್ದನ್ನು ಮಾರುವ ಹಾಗಿಲ್ಲ. ಮಣ್ಣು ಮೆತ್ತಿದ್ದರೂ ಪರವಾಗಿಲ್ಲ, ಇದ್ದ ಹಾಗೇ ತಹಶೀಲ್ದಾರ್ ಕಚೇರಿಗೆ ಒಯ್ಯಿರಿ. ಹೊಲದ ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಇವತ್ತೇ ಬರೆದಿಟ್ಟುಕೊಳ್ಳಿ.