ಹಳೇ ಕಾಗದ: ಗುಜರಿಗೆ ಯಾವುದು, ಟ್ರಂಕಿಗೆ ಯಾವುದು

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಎರಡು ಟ್ರಂಕು ತುಂಬ ಕಾಗದ ಇದೆ. ಪಾಸ್‌ಬುಕ್, ಕರೆಂಟ್ ಬಿಲ್, ಕಂದಾಯದ ರಸೀದಿ ಎಲ್ಲ ಕಲೆಸಿಹೋಗಿವೆ. ಅದರಲ್ಲಿ ಕೆಲವು ಬ್ಯಾಂಕುಗಳೇ ಈಗಿಲ್ಲ. ಗುಜರಿಗೆ ಹಾಕಬಹುದೇ?
– ಓದುಗರು, ಹಾಸನ

ಉತ್ತರ: ಪಾಸ್‌ಬುಕ್ಕನ್ನೂ ಎಫ್‌ಡಿ ರಸೀದಿಯನ್ನೂ ಸದ್ಯಕ್ಕೆ ಖಂಡಿತ ಹಾಕಬೇಡಿ. ಬ್ಯಾಂಕಿನ ಹೆಸರು ಹೋದರೂ ಖಾತೆ ಹೋಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. 10 ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಆಮೇಲೂ ವಾರಸುದಾರರು ಬ್ಯಾಂಕಿನ ಮೂಲಕವೇ ಅದನ್ನು ಕೇಳಿ ಪಡೆಯಬಹುದು. ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ತಂದೆಯವರ ಹೆಸರಿನ ಜೊತೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟು ಹುಡುಕಿ. ಕಾಗದದ ಷೇರುಪತ್ರ ಸಿಕ್ಕರೆ ಅದೂ ಎತ್ತಿಡಿ. ಎಷ್ಟೇ ಹಳೆಯದಾದರೂ ಕಂಪನಿಯಲ್ಲಿ ವಿಚಾರಿಸದೆ ಬಿಸಾಡಬಾರದು.

ಕ್ರಯಪತ್ರ, ಖಾತಾ, ಇಸಿ (ಆಸ್ತಿಯ ಋಣಭಾರ ಪತ್ರ), ಕಂದಾಯದ ರಸೀದಿ, ಸಾಲ ತೀರಿದ ಪತ್ರ ಇವು ಎಂದೆಂದಿಗೂ ಇರಬೇಕಾದವು. ಮನೆ ಕಟ್ಟಿಸಿದಾಗಿನ ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಬಹಳ ಜನ ಮೊದಲು ಎಸೆಯುತ್ತಾರೆ, ಅದೇ ತಪ್ಪು. ಮುಂದೆ ಮನೆ ಮಾರಿದರೆ ಲಾಭದ ತೆರಿಗೆ ಲೆಕ್ಕಕ್ಕೆ ತಂದೆಯವರು ಮಾಡಿದ ಖರ್ಚು ನಿಮ್ಮ ಕಡೆಯಿಂದಲೂ ವಜಾ ಆಗುತ್ತದೆ, ಆದರೆ ಬಿಲ್ಲು ತೋರಿಸಬೇಕು. ಆದಾಯ ತೆರಿಗೆಯ ಕಾಗದ ಏಳೆಂಟು ವರ್ಷದ್ದು ಇದ್ದರೆ ಸಾಕು. ಕರೆಂಟ್ ಬಿಲ್ ಬಾಕಿ ಇಲ್ಲದಿದ್ದರೆ ಒಂದು ವರ್ಷದ್ದು ಇಟ್ಟುಕೊಳ್ಳಿ. ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಕಾಣುವ ಒಂದು ಬಿಲ್ ಮಾತ್ರ ಕ್ರಯಪತ್ರದ ಜೊತೆಗಿರಲಿ, ಇ-ಖಾತಾಕ್ಕೆ ಬೇಕಾಗಬಹುದು.

ಗುಜರಿಗೆ ಹಾಕುವ ಮುನ್ನ ಡೈರಿ, ಪಂಚಾಂಗ, ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆ ಎಲ್ಲ ಒದರಿ ನೋಡಿ. ಎಫ್‌ಡಿ ರಸೀದಿ ಸಿಗುವುದು ಅಲ್ಲೇ.

ಪ್ರಶ್ನೆ: ಆಧಾರ್, ಪ್ಯಾನ್ ಜೆರಾಕ್ಸ್ ಪ್ರತಿಗಳು ಒಂದು ರಾಶಿ ಇವೆ. ಸುಟ್ಟುಬಿಡಲೇ? ನೀರಲ್ಲಿ ನೆನೆಸಿದರೆ ಅಕ್ಷರ ಅಳಿಸುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಬಯಲಲ್ಲಿ ಕಸ ಸುಡುವುದಕ್ಕೆ ನಿಷೇಧವಿದೆ, ದಂಡವೂ ಉಂಟು. ಅದೂ ಅಲ್ಲದೆ ಕಟ್ಟುಕಟ್ಟಾಗಿ ಇಟ್ಟ ಕಾಗದ ಅಂಚಷ್ಟೇ ಕರಿದಾಗಿ ಒಳಗೆ ಓದುವಂತೆಯೇ ಉಳಿಯುತ್ತದೆ.

ನೆನೆಸಿದ ಮಾತ್ರಕ್ಕೂ ಅಕ್ಷರ ಹೋಗದು. ಜೆರಾಕ್ಸಿನ ಕಪ್ಪು ಪುಡಿ ಪ್ಲಾಸ್ಟಿಕ್. ಬಿಸಿಯಿಂದ ಕಾಗದಕ್ಕೆ ಅಂಟಿರುತ್ತದೆ, ನೀರಿಗೆ ಕರಗುವುದಿಲ್ಲ. ಅಕ್ಷರ ಅಳಿಸುವ ಬದಲು ಕಾಗದವನ್ನೇ ಹಿಟ್ಟು ಮಾಡಬೇಕು. ಪಿನ್ನು, ಲಕೋಟೆಯ ಪ್ಲಾಸ್ಟಿಕ್ ಕಿಟಕಿ ತೆಗೆಯಿರಿ. ನಂಬರು, ಸಹಿ, ಫೋಟೊ ಇರುವ ಕಡೆ ಎರಡು ಬೆರಳಗಲದ ಚೂರುಗಳಾಗಿ ಹರಿದು ಬಕೆಟ್ಟಿನ ಅರ್ಧಕ್ಕೆ ತುಂಬಿ, ಮುಳುಗುವಷ್ಟು ಬಿಸಿನೀರು ಹಾಕಿ. ದಿನಪತ್ರಿಕೆಯ ಕಾಗದ ಒಂದು ರಾತ್ರಿಗೆ ಮೆತ್ತಗಾಗುತ್ತದೆ, ಜೆರಾಕ್ಸ್ ಹಾಳೆಗೆ ಎರಡು ದಿನ ಬೇಕು. ಆಮೇಲೆ ಕೋಲಿನಿಂದ ಚೆನ್ನಾಗಿ ಜಜ್ಜಿ, ಹಿಂಡಿ ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ ಒಣ ಕಸಕ್ಕೆ ಕೊಡಿ. ಲ್ಯಾಮಿನೇಟ್ ಮಾಡಿದ್ದು ಹಿಟ್ಟಾಗುವುದೇ ಇಲ್ಲ, ಕತ್ತರಿಯೇ ಗತಿ. ಇನ್ನುಮುಂದೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ. ಒಪ್ಪುವ ಕಡೆ ಅದೇ ಒಳ್ಳೆಯದು.

ಪ್ರಶ್ನೆ: ಗುಜರಿಯವರು ಎಲ್ಲ ಸೇರಿಸಿ ಒಂದೇ ರೇಟು ಹೇಳುತ್ತಾರೆ. ಲಗ್ನಪತ್ರಿಕೆ ಮುಟ್ಟುವುದೇ ಇಲ್ಲ. ಏಕೆ?
– ಓದುಗರು, ಬೆಂಗಳೂರು

ಉತ್ತರ: ಬೆರಕೆ ಮಾಲಿಗೆ ಕಡಿಮೆ ದರ್ಜೆಯ ರೇಟೇ ಸಿಗುವುದು. ದಿನಪತ್ರಿಕೆ, ನೋಟ್‌ಬುಕ್, ರಟ್ಟು, ಹೊಳಪಿನ ಪತ್ರಿಕೆ ಬೇರೆ ಬೇರೆ ಕಟ್ಟಿ ತೂಗಿಸಿ. ಒದ್ದೆ ಇರಬಾರದು. ಲಗ್ನಪತ್ರಿಕೆಯ ಚಿನ್ನದ ಬಣ್ಣದ ಹಾಳೆ, ವೆಲ್ವೆಟ್ಟು, ಪ್ಲಾಸ್ಟಿಕ್ ಲೇಪ ಕಾಗದದ ತಿರುಳಿನಲ್ಲಿ ಬೆರೆಯುವುದಿಲ್ಲ. ಒಳಗಿನ ಸಾದಾ ಹಾಳೆ ಬಿಡಿಸಿ ಹಾಕಿ, ಉಳಿದದ್ದು ಒಣ ಕಸಕ್ಕೆ. ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ ರದ್ದಿಗೂ ಬೇಡ, ಗೊಬ್ಬರದ ಡಬ್ಬಕ್ಕೂ ಬೇಡ. ಅದರ ಮೇಲೆ ರಾಸಾಯನಿಕದ ಲೇಪವಿರುತ್ತದೆ. ಕ್ಯಾಲೆಂಡರಿನ ತಗಡಿನ ಪಟ್ಟಿ ಕಿತ್ತು ಕಬ್ಬಿಣದ ಜೊತೆ ಹಾಕಿ.