ಎರಡು ರಾತ್ರಿಯ ನಿದ್ದೆ ಬಯಸಿದ್ದು ತಪ್ಪೇ?

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಮೂರ್ಛೆರೋಗವಿದೆ. ಆರು ತಿಂಗಳ ಕೂಸಾಗಿದ್ದಾಗ ಜ್ವರದ ಜೊತೆ ಫಿಟ್ಸ್ ಶುರುವಾಯಿತು. ಕೆಲಸ ಬಿಟ್ಟೆ. ರಾತ್ರಿ ಅವಳ ಪಾದದ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತೇನೆ. ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ ಹೀಗಾಯಿತು ಎನ್ನುತ್ತಾರೆ ಅತ್ತೆ. ಮುಂದಿನ ತಿಂಗಳು ದಾವಣಗೆರೆಯಲ್ಲಿ ತಂಗಿಯ ಮದುವೆ. ‘ಹೋಗಿ ಬಾ, ನಾನಿದ್ದೇನೆ’ ಎಂದರು ಯಜಮಾನರು. ಎರಡು ರಾತ್ರಿ ನಿದ್ದೆ ಮಾಡಬಹುದು ಎಂದು ಮನಸ್ಸು ಹಿಗ್ಗಿತು. ಮರುಕ್ಷಣವೇ ನಾನೆಂಥ ತಾಯಿ ಎನಿಸಿತು. ಹತ್ತು ವರ್ಷದ ಮಗ ಮೊನ್ನೆ ತನಗೆ ಬಂದ ಜ್ವರವನ್ನು ಎರಡು ದಿನ ಮುಚ್ಚಿಟ್ಟಿದ್ದ. ಏನು ಮಾಡಲಿ?

ಉತ್ತರ: ಮದುವೆಗೆ ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ.

ಗ್ರಹಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಫ್ರಾನ್ಸಿನ ವೈದ್ಯೆ ಶಾರ್ಲೆಟ್ ಡ್ರಾವೆ 1978ರಲ್ಲಿ ಗುರುತಿಸಿದ ಕಾಯಿಲೆ ಇದು. ಬಹುಪಾಲು ಮಕ್ಕಳಲ್ಲಿ ಎಸ್‌ಸಿಎನ್1ಎ ಎಂಬ ಜೀನ್‌ನಲ್ಲಿ ದೋಷವಿರುತ್ತದೆ. ಸಾಮಾನ್ಯವಾಗಿ ಅದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ನೀವು ಹೊಸಿಲು ದಾಟಿದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನಿಮ್ಮ ರಾತ್ರಿಯ ಭಯ ಮಾತ್ರ ಸುಳ್ಳಲ್ಲ. ಈ ಕಾಯಿಲೆಯಲ್ಲಿ ಮಕ್ಕಳು ನಿದ್ದೆಯಲ್ಲೇ ಹಠಾತ್ತಾಗಿ ತೀರಿಕೊಳ್ಳುವುದುಂಟು. ಅದು ನಿಮಗೆ ಗೊತ್ತಿದೆ, ಪಾದದ ಮೇಲಿನ ಆ ಅಂಗೈಯೇ ಹೇಳುತ್ತದೆ. ಆದರೆ ನಾಲ್ಕು ವರ್ಷ ನಿದ್ದೆಗೆಟ್ಟ ಕೈ ಔಷಧಿಯ ಅಳತೆಯನ್ನೇ ತಪ್ಪಬಹುದು. ಮಗಳನ್ನು ಕಾಯಲು ಒಬ್ಬರು ಸಾಲುವುದಿಲ್ಲ. ‘ನಾನಿದ್ದೇನೆ’ ಎಂಬ ಮಾತು ಸಿಕ್ಕಿರುವುದೇ ದೊಡ್ಡದು. ಆ ಮಾತಿಗೆ ಈಗ ತರಬೇತಿ ಕೊಡಿ.

ಮುಂದಿನ ಸಲ ವೈದ್ಯರ ಬಳಿಗೆ ಯಜಮಾನರೂ ಬರಲಿ. ಫಿಟ್ಸ್ ಐದು ನಿಮಿಷ ದಾಟಿದರೆ ಅದನ್ನು ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧಿ ಎಷ್ಟು, ಆಮೇಲೆ ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂದು ವೈದ್ಯರಿಂದಲೇ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿ. ಅದೇ ಚೀಟಿಯಲ್ಲಿ ಕಾರ್ಬಮಜೆಪಿನ್, ಫಿನಿಟಾಯಿನ್, ಲ್ಯಾಮೋಟ್ರಿಜಿನ್ ಎಂಬ ಹೆಸರುಗಳೂ ‘ಇವು ಬೇಡ’ ಎಂದು ಇರಲಿ. ಬೇರೆ ಮೂರ್ಛೆರೋಗಗಳಿಗೆ ಒಗ್ಗುವ ಈ ಔಷಧಿಗಳು ಡ್ರಾವೆ ಮಕ್ಕಳ ಫಿಟ್ಸ್ ಹೆಚ್ಚಿಸಬಹುದು. ನಡುರಾತ್ರಿಯ ತುರ್ತು ಚಿಕಿತ್ಸಾ ಘಟಕದಲ್ಲಿ ಅದನ್ನು ಹೇಳಲು ನೀವು ಇಲ್ಲದಿದ್ದಾಗ ಆ ಚೀಟಿ ಇರಬೇಕು.

ಅತ್ತೆಯವರಿಗೂ ಒಂದು ಕೆಲಸ ಒಪ್ಪಿಸಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ ನಿಮಿಷ ಎಣಿಸಲಿ. ಬಯ್ಯುವವರು ಎಷ್ಟೋ ಸಲ ಹೆದರಿದವರು. ಕೈಗೆ ಕೆಲಸ ಸಿಕ್ಕರೆ ಅವರ ಮಾತು ಮೆತ್ತಗಾಗಬಹುದು. ಸ್ನಾನಕ್ಕೆ ಬಿಸಿನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು ಎಂಬುದನ್ನೂ ಅವರೇ ನೋಡಿಕೊಳ್ಳಲಿ. ಮೈ ಬಿಸಿಯೇರಿದರೆ ಈ ಮಕ್ಕಳಿಗೆ ಫಿಟ್ಸ್ ಬರುವುದುಂಟು. ಮದುವೆಗೆ ಮುಂಚೆ ಮೂರ್ನಾಲ್ಕು ರಾತ್ರಿ ನೀವು ಪಕ್ಕದ ಕೋಣೆಯಲ್ಲಿ ಮಲಗಿ, ಯಜಮಾನರು ಮಗಳ ಬಳಿ ಮಲಗಲಿ. ಮೊದಲ ರಾತ್ರಿ ನಿಮಗೆ ನಿದ್ದೆ ಬರಲಿಕ್ಕಿಲ್ಲ. ಆದರೂ ಎದ್ದು ಹೋಗಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದವನು ನಿಮ್ಮ ಮಗ. ತನ್ನ ಜ್ವರ ತಂಗಿಗೆ ತಗುಲಿದರೆ ಏನಾಗುತ್ತದೆಂದು ಅವನಿಗೆ ಗೊತ್ತು. ತಪ್ಪು ಮಾಡಿದವನಂತೆ ಅವನು ಎರಡು ದಿನ ಜ್ವರ ಬಚ್ಚಿಟ್ಟುಕೊಂಡು ಓಡಾಡಿದ್ದಾನೆ. ಮದುವೆಮನೆಯ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಊಟಕ್ಕೆ ಕುಳಿತುಕೊಳ್ಳಿ. ಜ್ವರ ಬಂದರೆ ಮೊದಲು ಅಮ್ಮನಿಗೆ ಹೇಳಬೇಕು, ಅಮ್ಮ ಬಯ್ಯುವುದಿಲ್ಲ ಎಂದು ಹೇಳಿ. ರಾತ್ರಿ ಅವನ ಪಕ್ಕದಲ್ಲೇ ಮಲಗಿ.